ನಮ್ಮ ಲಾಕೌಟಿನ ಪ್ರಧಾನಿ

ಅವರ ಹೆಸರನ್ನು ಹೇಳಬೇಕಾದವರ ಮುಂದೆ ಹೇಳಿ ಬಂದಿದ್ದೇನೆ. ಇಲ್ಲಿ ಬರೆಯುವುದು ಬೇಡ ಎಂದು ಅವರ ಮಗಳು ಹೇಳಿದ್ದಾರೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಪ್ರಧಾನಿ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಕೆಂಗೇರಿಯಲ್ಲಿ ತಮ್ಮ ಮನೆಯಲ್ಲೇ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ ಈಚೆಗೆ ತೀರಿಕೊಂಡರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಬರೆದು ಅಭ್ಯಾಸವಿಲ್ಲ. ಆದರೂ ಅವರು ಎಂಥವರು ಎಂಬುದನ್ನು ನಾನೇ ಬರೆಯಬೇಕು. ಬೇರೆ ಯಾರು ಬರೆದರೂ ಅದರಲ್ಲಿ ನಾನು ಸೇರಿಸಿದ ಒಂದು ಸುಳ್ಳು ಇದ್ದೇ ಇರುತ್ತದೆ.

ಅವರು ಮಿಷನ್ ಶಾಪಿನಲ್ಲಿ ಹಿರಿಯ ಫಿಟ್ಟರ್. ತೆಳ್ಳಗಿನ ಆಳು, ಸ್ವಲ್ಪ ಬಾಗಿದ ಬೆನ್ನು, ಸದಾ ಮಡಿಸಿದ ಖಾಕಿ ತೋಳು. ಎಣ್ಣೆ ಕೈಯಲ್ಲಿ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಯಾರಾದರೂ ದೂರು ಹೊತ್ತುಕೊಂಡು ಬಂದರೆ ಜೇಬಿನಿಂದ ಹತ್ತಿಯ ವೇಸ್ಟ್ ತೆಗೆದು ಒಂದೊಂದೇ ಬೆರಳನ್ನು ಒರೆಸಿಕೊಳ್ಳುವರು. ಬಂದವನು ಕಾಯಬೇಕು. ಹೆಬ್ಬೆರಳಿಗೆ ಬರುವ ಹೊತ್ತಿಗೆ ಅವನ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಆಗ ‘ಹೂಂ, ಹೇಳಿ’ ಎನ್ನುವರು. ನಿನ್ನೆ ಸೇರಿದ ಅಪ್ರೆಂಟಿಸ್‌ಗೂ ಬಹುವಚನವೇ.

ಜಗಳ ಆಡಬೇಕಾದಾಗ ಮಾತ್ರ ಇನ್ನೊಂದು ಕೆಲಸ ಮಾಡುತ್ತಿದ್ದರು. ಕೈಗಡಿಯಾರ ಬಿಚ್ಚಿ ಶರ್ಟಿನ ಜೇಬಿಗೆ ಹಾಕುತ್ತಿದ್ದರು. ಮೊದಲ ಸಲ ನೋಡಿದಾಗ ಇವರು ಹೊಡೆದಾಟಕ್ಕೇ ತಯಾರಾಗುತ್ತಿದ್ದಾರೆ ಅಂದುಕೊಂಡು ನಾನು ಹಿಂದೆ ಸರಿದಿದ್ದೆ. ಕೇಳಿದ್ದಕ್ಕೆ ನಕ್ಕರು. ಗಡಿಯಾರ ನೋಡಿಕೊಂಡು ಜಗಳ ಆಡಿದರೆ ಬೇಗ ಮುಗಿಸುವ ಆಸೆಗೆ ಸುಳ್ಳನ್ನೂ ಒಪ್ಪಿಕೊಂಡುಬಿಡುತ್ತೇವೆ ಎಂದರು.

ಪ್ರಧಾನಿ ಎಂಬ ಹೆಸರು ಬಂದದ್ದಕ್ಕೆ ಒಂದು ಲೇತು ಕಾರಣ. ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ ಯುಗೊಸ್ಲಾವಿಯಾದಿಂದ ನಮ್ಮ ಶಾಪಿಗೆ ಕಬ್ಬಿಣ ಕಡೆಯುವ ಒಂದು ಭಾರಿ ಲೇತು ಬಂತು. ಅದನ್ನು ಕೂರಿಸಿಕೊಡಲು ಝಾಗ್ರೆಬ್ ಎಂಬ ಊರಿನ ಮೆಕ್ಯಾನಿಕ್ ಒಬ್ಬ ಬಂದ. ಕೆಂಪು ಮುಖದ ದಢೂತಿ ಮನುಷ್ಯ. ಗೇಟಿನ ಹೊರಗಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣೀರು ಸುರಿಸುತ್ತಿದ್ದ, ಮರುದಿನ ಮತ್ತೆ ಅಲ್ಲೇ ನಿಂತಿರುತ್ತಿದ್ದ. ಅವನಿಗೆ ಜೊತೆಯಾಗಿ ನಮ್ಮ ಈ ಹಿರಿಯ ಫಿಟ್ಟರನ್ನು ಹಾಕಿದ್ದರು. ಇಬ್ಬರ ಇಂಗ್ಲಿಷೂ ಒಂದೇ ಸಮ ಕುಂಟುತ್ತಿದ್ದುದರಿಂದ ಚೆನ್ನಾಗಿ ಹೊಂದಿಕೊಂಡರು. ಮಧ್ಯಾಹ್ನ ಲೇತು ಬಂದಿದ್ದ ಮರದ ಪೆಟ್ಟಿಗೆಗಳ ಮೇಲೆ ಕೂತು ಊಟ. ಯುಗೊಸ್ಲಾವಿಯಾ ಎನ್ನುವುದು ಪಾಸ್‌ಪೋರ್ಟಿನಲ್ಲಿ, ನಾನು ಕ್ರೊಯೇಷಿಯಾದವನು ಎಂದು ಅವನು ಹೇಳುತ್ತಿದ್ದನಂತೆ. ಆ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅವನು ಹೇಳಿದ ಒಂದು ಸಂಗತಿ ನಮ್ಮವರ ತಲೆಯಲ್ಲಿ ಕೂತುಬಿಟ್ಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಆಸರೆಯಲ್ಲಿ ಅವರ ನಾಡಿನಲ್ಲಿ ಒಂದು ಸರ್ಕಾರ ನಿಂತಿತ್ತಂತೆ. ಮೇಲೆ ಒಬ್ಬ ನಾಯಕ, ಅವನ ಮಾತೇ ಮಾತು. ಅವನ ಕೆಳಗೆ ಒಬ್ಬ ಪ್ರಧಾನಿ. ಯುದ್ಧ ಅರ್ಧ ಮುಗಿದ ಮೇಲೆ ಆ ಕುರ್ಚಿಗೆ ಬಂದವನು, ವಯಸ್ಸಾದವನು, ಓದಿದವನು. ಜನರನ್ನು ಹಿಡಿದು ಕ್ಯಾಂಪುಗಳಿಗೆ ಸಾಗಿಸುತ್ತಿದ್ದ ಕಾಲ ಅದು. ಮೆಕ್ಯಾನಿಕ್‌ನ ಅಪ್ಪನನ್ನೂ ಹಾಗೇ ಕರೆದುಕೊಂಡು ಹೋದರು. ಆತ ವಾಪಸ್ ಬರಲಿಲ್ಲ. ಯುದ್ಧ ಸೋತ ಮೇಲೆ ಆ ಪ್ರಧಾನಿ ಸಿಕ್ಕಿಬಿದ್ದ, ಮರಣದಂಡನೆ ಆಯಿತು. ಪಾಪ, ಅವನ ಕೈಯಲ್ಲಿ ಏನಿತ್ತು, ಎಲ್ಲ ಮೇಲಿನವನದ್ದು ಎನ್ನುವವರು ಮೆಕ್ಯಾನಿಕ್‌ನ ಬೀದಿಯಲ್ಲೇ ಇದ್ದರಂತೆ.

“ಕೈಯಲ್ಲಿ ಏನೂ ಇಲ್ದಿದ್ರೆ ಎದ್ದು ಮನೆಗೆ ಹೋಗ್ಬೇಕಿತ್ತು. ಕೂತ್ಕೊಂಡ್ನಲ್ಲ, ಅವನು ಕೂತಿದ್ದಷ್ಟು ದಿನ ನಡೆದಿದ್ದೆಲ್ಲ ಅವನದೇ. ಹಂಗಂದ ಕಣ್ರಯ್ಯಾ ಆ ಮನುಷ್ಯ, ಊಟದ ಡಬ್ಬಿ ಮುಚ್ತಾ,” ಎಂದು ನಮ್ಮವರು ನಮಗೆ ಹೇಳಿದರು.

ಆಮೇಲೆ ಎಲ್ಲಿ ಹೋದರೂ ಅದೇ ಅಳತೆಗೋಲು. ಕ್ಯಾಂಟೀನಿನ ಸಾಂಬಾರು ನೀರಾದರೆ ಅಡುಗೆಯವನನ್ನು ಬಿಟ್ಟು ಕ್ಯಾಂಟೀನ್ ಕಮಿಟಿಯವನನ್ನು ಹಿಡಿಯುತ್ತಿದ್ದರು. ಅವನು ಏನಾದರೂ ಸಬೂಬು ಹೇಳಲು ಹೊರಟರೆ ಕ್ರೊಯೇಷಿಯಾದ ಪ್ರಧಾನಿಯ ಕತೆ ಶುರು. ‘ಬಂದ್ರಪ್ಪ ಪ್ರಧಾನಿ’ ಎಂದು ಹುಡುಗರು ತಟ್ಟೆ ಎತ್ತಿಕೊಂಡು ಜಾಗ ಬದಲಾಯಿಸುತ್ತಿದ್ದರು.

ಎಮರ್ಜೆನ್ಸಿಗೆ ಹಿಂದಿನ ವರ್ಷ ಫ್ಯಾಕ್ಟರಿ ಲಾಕೌಟ್ ಆಯಿತು. ದೊಡ್ಡ ಮಿಷನ್ನುಗಳಿಗೆ ಹೆಲ್ಪರ್‌ಗಳು ಬೇಡ, ಒಬ್ಬೊಬ್ಬರೇ ನಡೆಸಿ ಎಂದು ಕಂಪನಿ ಹೇಳಿತು. ನಾವು ಕೆಲಸ ನಿಲ್ಲಿಸಿದೆವು, ಅವರು ಗೇಟು ಮುಚ್ಚಿದರು. ನಮ್ಮಲ್ಲಿ ಎರಡು ಯೂನಿಯನ್, ಹಳೆಯದು ಮತ್ತು ಹೊಸದು. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಹೀಗೇ ಇದ್ದರೆ ಕಂಪನಿ ಇಬ್ಬರನ್ನೂ ಮುಗಿಸುತ್ತದೆ ಎಂದು ಗೊತ್ತಾದಾಗ ಜಂಟಿ ಸಮಿತಿ ಮಾಡಿದರು. ಅಧ್ಯಕ್ಷ ಯಾರು? ಇವರವರನ್ನು ಅವರು ಒಪ್ಪುವುದಿಲ್ಲ, ಅವರವರನ್ನು ಇವರು ಒಪ್ಪುವುದಿಲ್ಲ. ಎರಡರಲ್ಲೂ ಸೇರದಿದ್ದವರು ಪ್ರಧಾನಿ ಒಬ್ಬರೇ.

ಅವರು ತಕ್ಷಣ ಹೂಂ ಅನ್ನಲಿಲ್ಲ. ಒಂದು ದಿನ ಬಿಟ್ಟು ಬಂದು, ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿದರು. ತಾವು ಕೂರಲಿಲ್ಲ. ವಾಚು ಬಿಚ್ಚಿ ಜೇಬಿಗೆ ಹಾಕಿದರು.

“ನಾನು ಈ ಜಾಗದಲ್ಲಿ ಇರೋ ತನಕ ನಿಮ್ಮಲ್ಲಿ ಯಾರು ಏನು ಮಾಡಿದ್ರೂ ಅದು ನಾನು ಮಾಡಿದ್ದು,” ಎಂದರು. “ಅದಕ್ಕೇ ಹೇಳ್ತಿದೀನಿ, ಮಾಡೋಕ್ ಮುಂಚೆ ನನ್ನ ಕೇಳಿ. ಇದು ಆಗಲ್ಲ ಅನ್ನೋರು ಈಗ್ಲೇ ಹೇಳ್ಬಿಡಿ, ನಾನು ಮನೆಗೆ ಹೋಗ್ತೀನಿ.”

ಎಲ್ಲರೂ ಕೈ ಎತ್ತಿ ಒಪ್ಪಿದೆವು. ನಾನೂ ಎತ್ತಿದೆ. ಆಗ ನನಗೆ ಇಪ್ಪತ್ತಾರು ವರ್ಷ, ಹೊಸ ಯೂನಿಯನ್, ಅದೇ ಭಾರಿ ಲೇತಿನಲ್ಲಿ ಹೆಲ್ಪರ್. ಅಂದರೆ ಗೆದ್ದರೆ ಕೆಲಸ, ಸೋತರೆ ಬೀದಿ.

ಅವರು ಮೊದಲು ಮಾಡಿದ ಕೆಲಸ ಒಲೆ ಒಂದು ಮಾಡಿದ್ದು. ಗೇಟಿನ ಮುಂದೆ ಧರಣಿ ಕೂತಿದ್ದ ಎರಡು ಯೂನಿಯನ್ನಿಗೂ ಬೇರೆ ಬೇರೆ ಶಾಮಿಯಾನ, ಬೇರೆ ಬೇರೆ ಒಲೆ ಇತ್ತು. ಒಲೆ ಒಂದೇ ಇರಲಿ, ಒಂದು ದಿನ ಇವರು ಅವರಿಗೆ ಬಡಿಸಲಿ, ಮಾರನೇ ದಿನ ಅವರು ಇವರಿಗೆ ಎಂದರು. ಹಳಬರು ಮಾಡಿದ ಸಾರಿಗೆ ನಾವು ಶತ್ರು ಸಾರು ಎಂದು ಹೆಸರಿಟ್ಟೆವು. ಉಪ್ಪು ಹೆಚ್ಚಾಗಿದೆ, ಬೇಕೆಂದೇ ಹಾಕಿದ್ದಾರೆ ಎಂದು ಒಬ್ಬ ಎದ್ದು ಗಲಾಟೆ ಮಾಡಿದ. ಪ್ರಧಾನಿ ಅವನ ತಟ್ಟೆ ತೆಗೆದುಕೊಂಡು ಅದರಲ್ಲಿದ್ದ ಮುದ್ದೆಯನ್ನು ಆ ಸಾರಿನಲ್ಲೇ ಪೂರ್ತಿ ಉಂಡು, ತಟ್ಟೆ ತೊಳೆದು ಕೊಟ್ಟರು. “ಹೌದು, ಉಪ್ಪು ಜಾಸ್ತಿ. ಮುಂದಿಂದು ಹೇಳಿ,” ಎಂದರು. ಆ ‘ಮುಂದಿಂದು ಹೇಳಿ’ ಆಮೇಲೆ ನಮ್ಮೆಲ್ಲರ ಬಾಯಲ್ಲೂ ಬಂತು. ಹೆಂಡತಿ ಬೈದರೂ ಮುಂದಿಂದು ಹೇಳು ಅನ್ನುತ್ತಿದ್ದೆವು.

ಆಯುಧಪೂಜೆ ಹತ್ತಿರ ಬಂತು. ಫ್ಯಾಕ್ಟರಿ ಕೆಲಸದವರಿಗೆ ಅದು ಎಂಥ ಹಬ್ಬ ಎಂದು ರಾಜಾಜಿನಗರದ ಹಳಬರಿಗೆ ಹೇಳಬೇಕಾಗಿಲ್ಲ. ಮಿಷನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ತುಂಬಿ, ಬಾಳೆಕಂದು ಕಟ್ಟಿ, ಕುಂಕುಮ ಇಟ್ಟು, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಇದು ನನ್ನ ಮಿಷನ್ ಎಂದು ತೋರಿಸಿ, ಕಡ್ಲೆಪುರಿ ಕಟ್ಟಿಸಿಕೊಂಡು ಬರುವ ದಿನ. ಆ ವರ್ಷ ಬೀಗದ ಒಳಗೆ ಮಿಷನ್ನುಗಳು ಧೂಳು ಹಿಡಿದು ಕೂತಿದ್ದವು. ಬೇರೆ ಯಾವುದಕ್ಕೂ ಅಳದವರು ಅದಕ್ಕೆ ಕಣ್ಣೊರೆಸಿಕೊಂಡರು. ಪ್ರಧಾನಿ ಮ್ಯಾನೇಜರ್ ಹತ್ತಿರ ಹೋದರು. ಅರ್ಧ ದಿನ ಗೇಟು ತೆಗೆಯಿರಿ, ಒಬ್ಬೊಬ್ಬರು ತಮ್ಮ ತಮ್ಮ ಮಿಷನ್ನಿಗೆ ಪೂಜೆ ಮಾಡಿ ಹೊರಗೆ ಬರುತ್ತಾರೆ, ಘೋಷಣೆ ಇಲ್ಲ, ಗಲಾಟೆ ಇಲ್ಲ, ನನ್ನ ಮಾತು ಎಂದರು. ಮ್ಯಾನೇಜರ್ ಒಪ್ಪಿದರು. ಆ ಹೊತ್ತಿಗೆ ಮಾತುಕತೆಯೂ ಒಂದು ಹಂತಕ್ಕೆ ಬಂದಿತ್ತು. ಹೆಲ್ಪರ್‌ಗಳನ್ನು ಉಳಿಸಿಕೊಳ್ಳುವ ಬಗ್ಗೆ ಕಂಪನಿ ಮೆತ್ತಗಾಗುತ್ತಿದೆ ಎಂದು ಅವರು ಸಮಿತಿಗೆ ಹೇಳಿದ್ದರು.

ನನಗೆ ನಂಬಿಕೆ ಇರಲಿಲ್ಲ. ಆಫೀಸರ್‌ಗಳನ್ನೇ ನಿಲ್ಲಿಸಿ ಲೇತು ಓಡಿಸಿ ಆರ್ಡರ್ ಮುಗಿಸುತ್ತಾರೆ, ಆಮೇಲೆ ನಮ್ಮನ್ನು ಕೇಳುವವರಿಲ್ಲ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಲೇತು ನಿಂತರೆ ಕಂಪನಿಯವರೇ ಓಡಿ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಪ್ರಧಾನಿಯನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಹಬ್ಬದ ದಿನ ಗ್ರೈಂಡಿಂಗ್ ಕಲ್ಲಿನ ಕೆಳಗೆ ಬಿದ್ದಿದ್ದ ಕಬ್ಬಿಣ ಮತ್ತು ಎಮರಿ ಕಲ್ಲಿನ ಪುಡಿಯನ್ನು ಬಾಚಿಕೊಂಡೆ. ಎಣ್ಣೆ ತುಂಬುವುದು ಪೂಜೆಯ ಭಾಗವೇ ಆದ್ದರಿಂದ ಗೇರ್‌ಬಾಕ್ಸಿನ ಮುಚ್ಚಳ ತೆಗೆದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಪುಡಿ ಸುರಿದೆ, ಮುಚ್ಚಿದೆ, ಅದೇ ಮುಚ್ಚಳದ ಮೇಲೆ ಕುಂಕುಮ ಇಟ್ಟು ಕೈ ಮುಗಿದೆ. ಪಕ್ಕದ ಸಾಲಿನಲ್ಲಿ ಪ್ರಧಾನಿ ಮಗಳನ್ನು ಜೊತೆಗೆ ನಿಲ್ಲಿಸಿಕೊಂಡು ಕಬ್ಬಿಣ ಕಚ್ಚಿ ಹಿಡಿಯುವ ತಮ್ಮ ಬೆಂಚಿನ ವೈಸ್‌ಗೆ ಹೂ ಮುಡಿಸುತ್ತಿದ್ದರು.

ಮುಂದಿನ ವಾರ ಆಫೀಸರ್‌ಗಳು ಲೇತು ಓಡಿಸಿದರು. ಗೇರುಗಳು ಹಲ್ಲು ಕಡಿದುಕೊಂಡು ನಿಂತವು. ಬಿಚ್ಚಿ ನೋಡಿದರೆ ಎಣ್ಣೆಯಲ್ಲಿ ಪುಡಿ, ಆದರೆ ಆ ಲೇತಿಗೆ ಮೂರು ಶಿಫ್ಟಿನವರೂ ಪೂಜೆ ಮಾಡಿದ್ದರಿಂದ ಯಾರ ಕೈ ಎಂದು ಗೊತ್ತಾಗಲಿಲ್ಲ. ಓಡಿ ಬರುವ ಬದಲು ಕಂಪನಿ ಮಾತುಕತೆ ಮುರಿಯಿತು. ಮಾಡಿದವನನ್ನು ಒಪ್ಪಿಸಿ, ಇಲ್ಲದಿದ್ದರೆ ಮಿಷನ್ ಶಾಪಿನ ಅಷ್ಟೂ ಜನರನ್ನು ತೆಗೆಯುತ್ತೇವೆ ಎಂದಿತು.

ಹೊಂಗೆ ಮರದ ಕೆಳಗೆ ಮತ್ತೆ ಎಲ್ಲರೂ ಸೇರಿದೆವು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಕೆಲಸ ಶುರು ಮಾಡುವ ಮುಂಚೆ ಮಿಷನ್ನಿನ ಸುತ್ತ ಒಂದು ಸಲ ಸುತ್ತಿ ಬರುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು.

“ಯಾರು ಅಂತ ಇಲ್ಲಿ ಕೇಳಲ್ಲ. ಮಾಡಿದೋರು ಸಂಜೆಯೊಳಗೆ ಮನೆ ಹತ್ರ ಬಂದು ನನಗೆ ಒಬ್ನಿಗೆ ಹೇಳಿ. ಬಂದ್ರೆ ಇಬ್ರೂ ಸೇರಿ ಏನ್ಮಾಡೋದು ನೋಡೋಣ. ಬರ್ದಿದ್ರೆ ನಾನು ಒಬ್ನೇ ಮಾಡ್ತೀನಿ.”

ಆಗ ಅವರು ಮಾಗಡಿ ರಸ್ತೆಯ ಒಂದು ವಠಾರದಲ್ಲಿದ್ದರು. ನಾನು ಹೋದೆ. ವಠಾರದ ಬಾಗಿಲವರೆಗೂ ಹೋದೆ. ಒಳಗೆ ಅವರು ಮಗಳಿಗೆ ಪಾಠ ಹೇಳಿಕೊಡುತ್ತಿದ್ದ ದನಿ ಕೇಳಿಸುತ್ತಿತ್ತು. ನನ್ನ ಹೆಂಡತಿ ಆಗ ಬಸುರಿ. ಅದನ್ನು ನೆನಪು ಮಾಡಿಕೊಂಡೆ. ನೆನಪು ಮಾಡಿಕೊಂಡೆ ಎನ್ನುವುದೇ ಸರಿ, ಯಾಕೆಂದರೆ ವಾಪಸ್ ತಿರುಗಲು ಅಷ್ಟು ಹೊತ್ತೂ ಒಂದು ಕಾರಣ ಹುಡುಕುತ್ತಿದ್ದೆ.

ಮರುದಿನ ಅವರು ಒಳಗೆ ಹೋಗಿ, ಆವತ್ತು ಗೇಟು ತೆಗೆಸಿದ್ದು ನನ್ನ ಮಾತಿನ ಮೇಲೆ, ತೆಗೆಯುವುದಾದರೆ ನನ್ನನ್ನು ತೆಗೆಯಿರಿ ಎಂದು ಕೂತರು. ಮ್ಯಾನೇಜರ್‌ಗೂ ಲಾಕೌಟ್ ಮುಗಿಸಬೇಕಿತ್ತು. ಹೆಲ್ಪರ್‌ಗಳು ಉಳಿದರು, ಎಲ್ಲರೂ ಕೆಲಸಕ್ಕೆ ವಾಪಸ್, ಅವರೊಬ್ಬರು ಹೊರಗೆ. ಗೇಟು ತೆರೆದ ದಿನ ಸಾಲಾಗಿ ಒಳಗೆ ಹೋಗುತ್ತಿದ್ದ ನಮ್ಮನ್ನು ಅವರು ಹೊಂಗೆ ಮರದ ಕೆಳಗೆ ನಿಂತು ನೋಡಿದರು. ಹಳೇ ಯೂನಿಯನ್ನಿನ ಕಾರ್ಯದರ್ಶಿ ಅಳುತ್ತಾ ಅವರ ಕೈ ಹಿಡಿದುಕೊಂಡ. “ಒಳಗೆ ನಡೀರಿ, ಸೈರನ್ ಆಗುತ್ತೆ,” ಎಂದು ಅವನನ್ನು ಕಳಿಸಿದರು.

ಇಷ್ಟೇ ಆಗಿದ್ದರೆ ನಾನು ಹೇಡಿ, ಅಷ್ಟೇ. ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು.

ಕೆಲವು ತಿಂಗಳಾದ ಮೇಲೆ ಅವರು ಕೆಂಗೇರಿಯಲ್ಲಿ, ಹೆಂಡತಿಯ ತವರಿನವರ ಜಾಗದಲ್ಲಿ, ರಾಗಿ ಬೀಸುವ ಮಿಲ್ ಹಾಕಿದರು. ಬೇರೆ ಫ್ಯಾಕ್ಟರಿಗಳಲ್ಲಿ ಕೆಲಸ ಸಿಗಲಿಲ್ಲ. ಲೇತು ಕೆಡಿಸಿದವನು ಎಂಬ ಸುದ್ದಿ ಅವರಿಗಿಂತ ಮುಂಚೆ ತಲುಪಿರುತ್ತಿತ್ತು. ನಮ್ಮ ಕ್ಯಾಂಟೀನಿನಲ್ಲಿ ಒಂದು ದಿನ ಅವರ ಮಾತು ಬಂತು. ನಮಗೋಸ್ಕರ ಎಷ್ಟು ಮಾಡಿದರು ಎಂದು ಎಲ್ಲರೂ ಹೊಗಳುತ್ತಿದ್ದರು. ಅದನ್ನು ಕೇಳುತ್ತಾ ಕೂರಲು ನನ್ನಿಂದ ಆಗಲಿಲ್ಲ. ಅವರು ದೊಡ್ಡವರಾಗುತ್ತಾ ಹೋದಷ್ಟೂ ನಾನು ಕುಗ್ಗುತ್ತಿದ್ದೆ.

“ಮಿಲ್ಲು ಸುಮ್ನೆ ಬರುತ್ತಾ ಗುರು?” ಎಂದೆ.

ಅಷ್ಟೇ ಅಂದದ್ದು. ಆಮೇಲೆ ಒಬ್ಬ ‘ಹೌದಲ್ವಾ’ ಎಂದ. ಇನ್ನೊಬ್ಬ ಅವತ್ತು ಮ್ಯಾನೇಜರ್ ರೂಮಿನಲ್ಲಿ ಅಷ್ಟು ಹೊತ್ತು ಏನು ಮಾಡಿದರು ಎಂದು ಕೇಳಿದ. ತಿಂಗಳು ಕಳೆಯುವುದರೊಳಗೆ ಪ್ರಧಾನಿ ಕಂಪನಿಯಿಂದ ದುಡ್ಡು ತೆಗೆದುಕೊಂಡು ಹೊರಗೆ ಹೋದರು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ ಆಯಿತು. ಕೆಂಗೇರಿ ಕಡೆಯ ನಮ್ಮ ಹುಡುಗರು ರಾಗಿ ಚೀಲ ಹೊತ್ತುಕೊಂಡು ಬೇರೆ ಮಿಲ್ಲಿಗೆ ಹೋಗತೊಡಗಿದರು.

ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ವಿಜಯನಗರದ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ನನ್ನ ಮಕ್ಕಳ ಬಗ್ಗೆ ಕೇಳಿದರು. ಆಮೇಲೆ, ಲೇತು ಈಗ ಹೇಗೆ ಓಡ್ತಿದೆ, ಗೇರು ಬದಲಾಯಿಸಿದ ಮೇಲೆ ಸದ್ದು ಬರ್ತಿದೆಯಾ ಎಂದರು. ಬರುತ್ತಿಲ್ಲ ಎಂದೆ. “ಒಳ್ಳೇದು. ಚೆನ್ನಾಗಿ ನೋಡ್ಕೊಳ್ಳಿ,” ಎಂದರು. ನನ್ನನ್ನೇ ಯಾಕೆ ಕೇಳಿದರು ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಇಳಿಯಬೇಕಾದ ಸ್ಟಾಪು ದಾಟಿ ಹೋದೆ.

ನಾನು ರಿಟೈರ್ ಆದೆ. ಫ್ಯಾಕ್ಟರಿ ಮುಚ್ಚಿತು. ಅಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಉಳಿದಿರುವ ನಾವು ಮುದುಕರು ತಿಂಗಳಿಗೊಮ್ಮೆ ಬಸವೇಶ್ವರನಗರದ ಒಂದು ಕಟ್ಟಡದ ಹಾಲ್‌ನಲ್ಲಿ ಸೇರುತ್ತೇವೆ. ಪ್ರಧಾನಿ ತೀರಿಕೊಂಡ ಸುದ್ದಿ ಅಲ್ಲೇ ಗೊತ್ತಾಯಿತು. ಎದ್ದು ನಿಂತು ಮೌನ ಆಚರಿಸಿದೆವು. ಕೂತ ಮೇಲೆ ಪಕ್ಕದವನು, “ಒಳ್ಳೇ ಮನುಷ್ಯನೇ. ಕೊನೇಲಿ ಆ ಮಿಲ್ಲಿಂದು ಒಂದು ಮಾಡ್ಕೊಂಬಿಟ್ಟ,” ಎಂದ. ಐವತ್ತು ವರ್ಷದ ಹಿಂದೆ ನಾನು ಆಡಿದ ಮಾತು ಆ ಮನುಷ್ಯ ಸತ್ತ ಮೇಲೂ ಸಾಯದೆ ನನ್ನ ಪಕ್ಕದಲ್ಲೇ ಬಂದು ಕೂತಿತ್ತು. ಇನ್ನು ಸುಮ್ಮನಿರುವುದಿಲ್ಲ ಎಂದು ಆಗ ತೀರ್ಮಾನ ಮಾಡಿದೆ.

ಮರುದಿನವೇ ಮೆಟ್ರೋ ಹಿಡಿದು ಕೆಂಗೇರಿಗೆ ಹೋದೆ. ಮಗಳು ಸ್ಕೂಲ್ ಟೀಚರ್ ಆಗಿ ನಿವೃತ್ತರಾದವರು. ಅಪ್ಪನ ಮುಖವೇ, ಅದೇ ತೆಳ್ಳಗಿನ ಮೂಗು. ಕಾಫಿ ತರಲು ಎದ್ದವರನ್ನು, ಮೊದಲು ಕೇಳಿಸಿಕೊಳ್ಳಿ ತಾಯಿ ಎಂದು ಕೂರಿಸಿ ಎಲ್ಲ ಹೇಳಿದೆ. ಪುಡಿ ಹಾಕಿದ್ದು, ವಠಾರದ ಬಾಗಿಲಿನಿಂದ ತಿರುಗಿದ್ದು, ಕ್ಯಾಂಟೀನಿನ ಮಾತು.

“ಲೇತಿಂದು ಅಪ್ಪಂಗೆ ಗೊತ್ತಿತ್ತು,” ಎಂದರು. “ನೀವು ಬಾಗಿಲ ಹತ್ರ ಬಂದು ಹೋಗಿದ್ದು ಕಿಟಕೀಲಿ ನೋಡಿದ್ರಂತೆ. ಮಿಲ್ಲಿನ ಮಾತು ಯಾರು ಶುರು ಮಾಡಿದ್ದು ಅಂತ ಮಾತ್ರ ಗೊತ್ತಾಗ್ಲಿಲ್ಲ. ಅಮ್ಮ ತನ್ನ ಅಣ್ಣಂದಿರ ಹತ್ರ ಕೈ ಚಾಚಿ ಇಸ್ಕೊಂಡ ಜಾಗ ಅದು. ಸಾಯೋ ತನಕ ಕೇಳ್ತಾನೇ ಇದ್ಲು, ಯಾರು ಅಂದಿರ್ಬಹುದು, ಯಾರು ಅಂದಿರ್ಬಹುದು ಅಂತ.”

ನಾನು ಎದ್ದು ಅವರ ಕಾಲಿಗೆ ಬೀಳಲು ಹೋದೆ. ಅವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

“ನಂಗ್ಯಾಕೆ ಬೀಳ್ತೀರಿ? ನನಗೆ ಅಪ್ಪನ ಮೇಲೆ ಅನುಮಾನ ಇರ್ಲಿಲ್ಲ. ಅನುಮಾನ ಇರೋರು ಇನ್ನೂ ಬದುಕಿದಾರಲ್ಲ, ಅವರಿಗೆ ಹೇಳಿ. ಯಾವಾಗ ಸೇರ್ತೀರಿ? ನಾನೂ ಬರ್ತೀನಿ.”

ಹೋದ ಭಾನುವಾರ ಅವರು ಬಂದು ಮೊದಲನೇ ಸಾಲಿನಲ್ಲಿ ಕೂತರು. ನಾನು ಮನೆಯಲ್ಲಿ ಹೆಂಡತಿಗೆ, ಮಗನಿಗೆ ಮುಂಚೆಯೇ ಹೇಳಿದ್ದೆ. ಈ ವಯಸ್ಸಿನಲ್ಲಿ ಯಾಕೆ ಬೇಕಪ್ಪ ಇದೆಲ್ಲ ಎಂದ ಮಗ. ಈ ವಯಸ್ಸು ದಾಟಿದರೆ ಆಗುವುದಿಲ್ಲ ಎಂದೆ. ಎದ್ದು ನಿಂತು ಪ್ರಧಾನಿಯ ಪೂರ್ತಿ ಹೆಸರು ಹೇಳಿದೆ, ಆಮೇಲೆ ನನ್ನ ಹೆಸರು. ಲೇತು ಕೆಡಿಸಿದವನು ನಾನು, ಅವರು ಕಂಪನಿಯಿಂದ ಏನೂ ತೆಗೆದುಕೊಂಡಿಲ್ಲ, ಆ ಮಾತು ಹುಟ್ಟಿಸಿದವನೂ ನಾನು ಎಂದೆ. ದನಿ ಅರ್ಧಕ್ಕೆ ನಿಂತು ನಿಂತು ಬಂತು. ಮುಂದಿನ ಸಾಲಿನಲ್ಲಿದ್ದ ಹಳೇ ಯೂನಿಯನ್ನಿನ ಒಬ್ಬರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಮುಗಿಯಿತು ಎಂದು ನಾನು ಕೂರಲು ಹೊರಟೆ.

ಮಗಳು ಹಿಂದೆ ತಿರುಗಿ ಹಾಲ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಕೂರ್ಬೇಡಿ. ಹಿಂದಿನ ಸಾಲಿನೋರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ,” ಎಂದರು.

ಕುರ್ಚಿ ಹಿಡಿದುಕೊಂಡು ನೆಟ್ಟಗೆ ನಿಂತೆ. ಇನ್ನೊಂದು ಸಲ, ಮೊದಲಿನಿಂದ, ಜೋರಾಗಿ ಹೇಳಿದೆ.